ಸೇಜ್ ಮುಲಾಮಿನ ಬಟ್ಟಲು

“ನನ್ನ ಮಗೂಗೆ ನಾನೇ ಮುತ್ತು ಕೊಡಬಾರದಾ? ಇದ್ಯಾವ ಸೀಮೆ ನ್ಯಾಯ?” ಮನೆಯ ಮಗ ಗುಡುಗಿದ. ಅವನ ತುಟಿಯಂಚಿನಲ್ಲಿ ನೀರುಗುಳ್ಳೆಗಳು ಗೊಂಚಲಾಗಿ ಎದ್ದಿದ್ದವು.

“ಕೊಡಬಾರದು.” ಪಕ್ಕದ ಮನೆಯ ನರ್ಸಕ್ಕ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಒಳಗೆ ಬಾಣಂತಿ, ಎಳೆಗೂಸು. “ಇದು ಅಂಟುರೋಗ ಕಣಪ್ಪ. ನಿನಗೆ ಬರೀ ಉರಿ. ಹಸುಗೂಸಿಗೆ ತಗುಲಿದರೆ ಮಿದುಳಿಗೇ ಏರಬಹುದು. ಜೀವಕ್ಕೇ ಕುತ್ತು.”

ಮಗನ ತಾಯಿ ಕೆರಳಿದಳು. ಹಿತ್ತಲಿನ ಸೇಜ್ ಎಂಬ ಘಮಘಮಿಸುವ ಗಿಡದ ಸೊಪ್ಪನ್ನು ಅರೆದು, ಎಣ್ಣೆಯಲ್ಲಿ ಕಾಸಿ ಮುಲಾಮು ಮಾಡುವುದು ಅವಳಿಗೆ ಅತ್ತೆಯಿಂದ ಬಂದ ವಿದ್ಯೆ. ಮನೆಗೆ ಹೊಂದಿಕೊಂಡೇ ಅವರ ಗಾಜಿನ ಕಾರ್ಖಾನೆ. ಕುಲುಮೆಯ ಮುಂದೆ ಕೊಳವೆಗೆ ಬಾಯಿಟ್ಟು ಕರಗಿದ ಗಾಜು ಊದುವವರ ತುಟಿ ಒಡೆದರೂ, ಗುಳ್ಳೆ ಎದ್ದರೂ ಕೈ ಚಾಚುತ್ತಿದ್ದದ್ದು ಅವಳ ಬಟ್ಟಲಿಗೇ.

“ನನ್ನ ಮುಲಾಮು ಇರೋವಾಗ ಅದೇನು ಅಂಟುತ್ತೆ? ನಿನ್ನ ಆಸ್ಪತ್ರೆಗಿಂತ ಹಳೇದು ಕಣೇ ನನ್ನ ಗಿಡ!”

“ಗಿಡದ ಮೇಲೆ ನನಗೇನೂ ಹಗೆ ಇಲ್ಲ ದೊಡ್ಡಮ್ಮ. ಹಚ್ಚಿದರೆ ಉರಿ ಸ್ವಲ್ಪ ತಗ್ಗಬಹುದು. ಆದರೆ ಅಂಟೋದು ನಿಲ್ಲಲ್ಲ. ಅದಿರಲಿ, ಬಟ್ಟಲಿಂದ ಹೇಗೆ ತಗೋತಾರೆ?”

“ಬೆರಳಲ್ಲಿ. ಇನ್ನೇನು, ಚಿನ್ನದ ಚಮಚದಲ್ಲಾ?”

“ಗುಳ್ಳೆ ಮುಟ್ಟಿದ ಬೆರಳು ಮತ್ತೆ ಬಟ್ಟಲಿಗೆ. ಅದಕ್ಕೇ ಇನ್ನೊಬ್ಬರ ಬೆರಳು. ಮೇಲೆ ಒಬ್ಬರು ಊದಿದ ಕೊಳವೆ ಇನ್ನೊಬ್ಬರ ಬಾಯಿಗೆ. ಮದ್ದಿನ ಜೊತೆ ರೋಗಾನೂ ಬಡಿಸಿದ ಹಾಗಾಯ್ತಲ್ಲ ದೊಡ್ಡಮ್ಮ?”

ತಾಯಿ ಮನಸ್ಸಲ್ಲೇ ಲೆಕ್ಕ ಹಾಕಿದಳು. ಗುಳ್ಳೆ ಮೊದಲು ಎದ್ದದ್ದು ಕಾರ್ಖಾನೆಯಲ್ಲಿ ಗಾಜು ಊದುವ ಅವಳ ಮೈದುನನಿಗೆ. ಅವನ ಬೆನ್ನಿಗೇ ಮಗನಿಗೆ. ಇಬ್ಬರದೂ ಒಂದೇ ಕೊಳವೆ, ಒಂದೇ ಬಟ್ಟಲು. ಅವಳು ಸೀದಾ ಹೋಗಿ ಬಟ್ಟಲನ್ನು ಕಸಕ್ಕೆ ಬಗ್ಗಿಸಿದಳು.

“ಹೊಸದು ಕಾಸ್ತೀನಿ. ಒಬ್ಬೊಬ್ಬರಿಗೂ ಬೇರೆ ಡಬ್ಬಿ, ಬೇರೆ ಕೊಳವೆ. ಗುಳ್ಳೆ ಇರೋರು ಊದೋದು ಬೇಡ, ಗಾಜು ಉಜ್ಜಲಿ. ನನ್ನ ಅತ್ತೆ ಕಲಿಸಿದ ಮದ್ದಿಗೆ ನನ್ನ ಕೈಯಲ್ಲಿ ಕೆಟ್ಟ ಹೆಸರು ಬರಬಾರದು.”

ಮಗ ತಲೆ ಕೆರೆದುಕೊಂಡ. “ಸರಿ ಬಿಡಮ್ಮ. ಹಕ್ಕಳೆ ಉದುರಿ ಪೂರ್ತಿ ಮಾಗೋವರೆಗೂ ಮುತ್ತು ಬೇಡ.”

ಅಲ್ಲೇ ನಿಂತಿದ್ದ ಮೈದುನ ಮಾತ್ರ ಮೀಸೆ ಕುಣಿಸಿದ. “ಇಷ್ಟು ವರ್ಷ ಊದಿದೋನು ನಾನು. ನನ್ನ ತುಟಿಗೆ ಬೇಲಿ ಹಾಕ್ತೀಯಾ ಅತ್ತಿಗೆ? ಬೇರೆ ಕುಲುಮೆ ನೋಡ್ಕೋತೀನಿ!”

“ನೋಡ್ಕೋ. ನನ್ನ ಮೊಮ್ಮಗೂಗಿಂತ ನಿನ್ನ ಮೀಸೆ ದೊಡ್ಡದಲ್ಲ.”

ಅವನು ಚಪ್ಪಲಿ ಮೆಟ್ಟಿ ಹೊರಟೇಹೋದ. ಮತ್ತೆ ಬರಲಿಲ್ಲ. ಅವಳು ಕರೆಯಲೂ ಇಲ್ಲ. ತಲೆಯೆತ್ತಿ ಕುಲುಮೆಯ ಕಡೆ ನಡೆದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮನೆಮದ್ದು ಬೇಡ ಎಂದವರಾರು? ಆದರೆ ಮುಲಾಮು, ಟವೆಲು, ಲೋಟ ಹಂಚಿಕೊಳ್ಳಬೇಡಿ. ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ತುಟಿ ಚುರುಗುಟ್ಟಿದ ಕೂಡಲೇ ವೈದ್ಯರನ್ನು ಕೇಳಿ, ಆಗ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಕಣ್ಣಿನ ಬಳಿ ಗುಳ್ಳೆ ಎದ್ದರೆ, ಹತ್ತು ದಿನವಾದರೂ ಮಾಗದಿದ್ದರೆ, ಎಳೆಗೂಸಿಗೆ ಜ್ವರ ಬಂದರೆ ಅಥವಾ ಅದು ಹಾಲು ಕುಡಿಯುವುದನ್ನು ಬಿಟ್ಟರೆ ಆಸ್ಪತ್ರೆಗೆ ಓಡಿ. ಯಾರಾದರೂ ಮುನಿಸಿಕೊಂಡು ಎದ್ದು ಹೋದರೆ ಹೋಗಲಿ. ಗುಳ್ಳೆ ಎದ್ದ ತುಟಿಯನ್ನು ಮಾತ್ರ ಕೂಸಿನ ಹತ್ತಿರ ಬಿಡಬೇಡಿ.