ಸುಡದ ಚಿಂದಿ

ಅಜ್ಜ ಏಪ್ರಿಲ್‌ನಲ್ಲಿ ತೀರಿಕೊಂಡ. ಅವನ ಕೋವಿಯ ಮಾತೆತ್ತಲು ನಮ್ಮವರಿಗೆ ನವೆಂಬರ್‌ವರೆಗೆ ಬೇಕಾಯಿತು. ಎತ್ತಿದವನು ದೊಡ್ಡಪ್ಪನ ಮಗ ಡೆಲ್ಮರ್. ಪೇಟೆಯಲ್ಲಿ ಅವನದೊಂದು ಬಾರ್ ಇದೆ. ಬಾಟಲಿಗಳ ಹಿಂದಿನ ಕನ್ನಡಿಯ ಮೇಲೆ, ಕೋವಿಗೆಂದು ಎರಡು ಕೊಕ್ಕೆಗಳನ್ನು ಆಗಲೇ ಬಡಿದಿಟ್ಟಿದ್ದ. ನಳಿಗೆಯೊಳಗೆ ತಂತಿ ತೂರಿಸಿ ದೀಪ ಹಾಕಿಸುತ್ತೇನೆ ಎಂದೂ ಹೇಳಿದ.

ನಾನು ಹತ್ತು ವರ್ಷ ಆ ಕೋವಿಯ ಪಕ್ಕದಲ್ಲಿ ಕೂತವಳು. ಅಜ್ಜ ಮತ್ತು ನಾನು ಹಿಮದಲ್ಲಿ ಒಂದೇ ಮರಕ್ಕೆ ಬೆನ್ನು ಕೊಟ್ಟು ಬೆಳಗಿನಿಂದ ಮಧ್ಯಾಹ್ನದವರೆಗೆ ಮಾತಿಲ್ಲದೆ ಇರುತ್ತಿದ್ದೆವು. ಅಷ್ಟು ಹೊತ್ತು ನನ್ನ ಜೊತೆ ಸುಮ್ಮನಿರಲು ಒಪ್ಪಿದವರು ಬೇರೆ ಯಾರೂ ಇಲ್ಲ. ಆ ಕೋವಿ ದೀಪವಾಗುವುದನ್ನು ನೋಡುವುದು ನನ್ನಿಂದಾಗುತ್ತಿರಲಿಲ್ಲ.

ಗುಡ್ಡದಲ್ಲಿರುವ ನಮ್ಮ ಕುಟುಂಬದ ಬೇಟೆಮನೆಗೆ ಈಗ ಹಿರಿಯ ಇರ್ವಿನ್ ಚಿಕ್ಕಜ್ಜ, ಅಜ್ಜನ ತಮ್ಮ. ಅವನು ಡೆಲ್ಮರ್ ಹೇಳುವುದನ್ನೆಲ್ಲ ಕೇಳಿದ, ನಾನು ಹೇಳುವುದನ್ನೆಲ್ಲ ಕೇಳಿದ, ಹೊಗೆಸೊಪ್ಪನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿ ತೀರ್ಪು ಹೇಳಿದ.

"ಕ್ರಿಸ್‌ಮಸ್ ದಿನ ಮಧ್ಯಾಹ್ನ. ಐವತ್ತು ಹೆಜ್ಜೆ. ಐದು ಗುಂಡು ಹೊಡಿ, ರೋಡಾ. ಅದ್ರಲ್ಲಿ ಮೂರು, ಪೈ ಬೇಯಿಸೋ ತಗಡಿನ ತಟ್ಟೆ ಒಳಗೆ ಬಿದ್ರೆ ಕೋವಿ ನಿಂದು."

"ಬೀಳದಿದ್ರೆ?" ಎಂದ ಡೆಲ್ಮರ್.

"ದೀಪ."

ಪೆನ್ಸಿಲ್ವೇನಿಯಾದ ನಮ್ಮ ಗುಡ್ಡಗಳಲ್ಲಿ ಚಕಮಕಿ ಕಲ್ಲಿನ ಕಿಡಿಯಿಂದ ಸಿಡಿಯುವ, ಅಜ್ಜನದರಂಥ ಹಳೆಗಾಲದ ಕೋವಿಯ ಜಿಂಕೆಬೇಟೆ ಶುರುವಾಗುವುದು ಕ್ರಿಸ್‌ಮಸ್ ಮರುದಿನ. ನನಗೆ ಆರು ವಾರ ಸಿಕ್ಕಿತು. ಪ್ರತಿ ಶನಿವಾರ ಒಬ್ಬಳೇ ಬೇಟೆಮನೆಗೆ ಹೋಗಿ ಕೋವಿಯ ಹದ ಹುಡುಕತೊಡಗಿದೆ.

ಅಜ್ಜನ ಕೋವಿಯದು ಒಳಗೆ ಗೀರುಗಳಿಲ್ಲದ ನುಣುಪು ನಳಿಗೆ. ಗುಂಡನ್ನು ತಿರುಗಿಸಿ ನೇರವಾಗಿ ಕಳಿಸುವ ಗೀರುಗಳಿಲ್ಲದ ಮೇಲೆ ಅದು ತನ್ನ ಮನಸ್ಸಿಗೆ ಬಂದ ಕಡೆ ಹೋಗುತ್ತದೆ. ಗುರಿ ಹಿಡಿಯಲು ಹಿಂದೆ ಏನೂ ಇಲ್ಲ, ಮುಂದೆ ಜೋಳದ ಕಾಳಿನಷ್ಟು ಹಿತ್ತಾಳೆಯ ಮಣಿ. ಕೋವಿಯ ಹಿಡಿಗೆ ಆನಿಸಿದ ಕೆನ್ನೆ ಒಂದು ಕೂದಲೆಳೆ ಮೇಲೆ ಕೂತರೆ ಗುಂಡು ಒಂದು ಗೇಣು ಮೇಲೆ. ಇನ್ನು ನಮ್ಮ ಕೈಯಲ್ಲಿರುವುದು ಮೂರೇ: ಮದ್ದಿನ ಅಳತೆ, ಸೀಸದ ಗುಂಡು, ಅದಕ್ಕೆ ಸುತ್ತುವ ಕೊಬ್ಬು ಸವರಿದ ಚಿಂದಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂಬುದು ಅಜ್ಜನ ಕಟ್ಟುನಿಟ್ಟು.

ಅರವತ್ತು ಗ್ರೇನ್ ತೂಕದ ಮದ್ದಿನಿಂದ ಶುರುಮಾಡಿ ಐದೈದೇ ಏರಿಸಿದೆ. ಪ್ರತಿ ಹೊಡೆತಕ್ಕೂ ನಳಿಗೆ ಒರೆಸಿದೆ. ತುಂಬುವಾಗ ನಳಿಗೆಯ ಬುಡದಲ್ಲಿರುವ ಕಿವಿತೂತಿಗೆ ಟರ್ಕಿಕೋಳಿಯ ಗರಿ ಚುಚ್ಚಿಟ್ಟು, ಆಮೇಲೆ ಎಳೆದು, ಕಿಡಿಗೆ ದಾರಿ ಬಿಟ್ಟೆ. ಎಪ್ಪತ್ತೈದರಲ್ಲಿ ಗುಂಡುಗಳು ಸ್ವಲ್ಪ ಒಟ್ಟಿಗೆ ಬಂದವು. ಅದಕ್ಕಿಂತ ಹೆಚ್ಚಾದರೆ ಭುಜ ನೊಂದಿತು, ಗುಂಡುಗಳು ಚೆದುರಿದವು. ಆದರೆ 'ಒಟ್ಟಿಗೆ' ಎಂದರೆ ಬಟ್ಟೆ ನೆನೆಸುವ ಟಬ್ಬಿನಷ್ಟು ಜಾಗ.

ಕಾರಣ ಹಿಮದ ಮೇಲೆ ಬಿದ್ದಿರುತ್ತಿತ್ತು. ಗುಂಡು ಗುರಿಗೆ ಹೋಗುತ್ತದೆ, ಚಿಂದಿ ಹತ್ತು ಹೆಜ್ಜೆಯಲ್ಲೇ ಬೀಳುತ್ತದೆ. ಅದನ್ನು ಹೆಕ್ಕಿ ನೋಡಿದರೆ ನಳಿಗೆಯೊಳಗೆ ಏನಾಯಿತೆಂದು ತಿಳಿಯುತ್ತದೆ. ನನ್ನ ಚಿಂದಿಗಳೆಲ್ಲ ನಡುವೆ ಸುಟ್ಟು ತೂತಾಗಿದ್ದವು. ಹೊಸ ದಿಂಬಿನ ಬಟ್ಟೆ ತಂದೆ, ಸುಟ್ಟಿತು. ಮದ್ದಿಗೂ ಚಿಂದಿಗೂ ನಡುವೆ ಕಣಜದ ಹುಳುಗಳ ಹಳೆಯ ಗೂಡಿನ ಕಾಗದದಂಥ ಪದರ ತುರುಕಿದೆ, ಸ್ವಲ್ಪ ಕಡಿಮೆ ಸುಟ್ಟಿತು. ಅಷ್ಟರಲ್ಲಿ ಡೆಲ್ಮರ್ ವಾರಕ್ಕೊಮ್ಮೆ ಫೋನು ಮಾಡಿ, ದೀಪಕ್ಕೆ ಹಳದಿ ಬಲ್ಬು ಚೆಂದವೋ ಬಿಳಿಯದೋ ಎಂದು ವಿಚಾರಿಸುತ್ತಿದ್ದ.

ಐದನೆಯ ಶನಿವಾರ ಕೈಯಲ್ಲಿದ್ದ ಬಟ್ಟೆ ಮುಗಿಯಿತು. ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಎದುರಿನ ಗೋಡೆಯಲ್ಲಿ ಅಂಗಿಬಾಲಗಳಿದ್ದವು.

ಜಿಂಕೆಗೆ ಹೊಡೆದು ಗುರಿ ತಪ್ಪಿದವನ ಅಂಗಿಯ ಹಿಂಬದಿಯ ಅಂಚನ್ನು ಅಂದೇ ಕತ್ತರಿಸಿ, ಹೆಸರು ಮತ್ತು ವರ್ಷ ಬರೆದು, ಗೋಡೆಗೆ ಮೊಳೆ ಹೊಡೆಯುವುದು ನಮ್ಮಲ್ಲಿನ ಪದ್ಧತಿ. ಡೆಲ್ಮರನದು ನಾಲ್ಕು. ನನ್ನದು ಒಂದು. ಅಜ್ಜನದು ಎರಡು. ಇರ್ವಿನ್ ಚಿಕ್ಕಜ್ಜನದು ಮಾತ್ರ ಇಲ್ಲ. ಅವನ ಗುರಿ ಹುಟ್ಟಿದ ಮೇಲೆ ತಪ್ಪಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅವನು ಹೌದೆಂದದ್ದಿಲ್ಲ, ಅಲ್ಲವೆಂದದ್ದೂ ಇಲ್ಲ.

ಅಜ್ಜನ ಒಂದು ಬಾಲದ ಹಿಂದೆ, ಗೋಡೆಗೆ ಮುಖ ಮಾಡಿ, ಇನ್ನೊಂದು ನೀಲಿ ತುಂಡು ಅದೇ ಮೊಳೆಗೆ ಸಿಕ್ಕಿಕೊಂಡಿತ್ತು. ಒಗೆದೊಗೆದು ತೆಳ್ಳಗಾದರೂ ಒತ್ತಾಗಿ ನೇಯ್ದ ಹಳೆಯ ಹತ್ತಿ. ಬರೆದದ್ದು ಏನೂ ಕಾಣಲಿಲ್ಲ. ಅಜ್ಜನದೇ ಮೂರನೆಯದಿರಬೇಕು, ನಾಚಿಕೆಗೆ ಹಿಂದೆ ಸೇರಿಸಿದ್ದಾನೆ ಎಂದುಕೊಂಡೆ. ಅಜ್ಜನ ಕೋವಿಗೆ ಅಜ್ಜನ ಅಂಗಿ. ಮನಸ್ಸು ಕಳ್ಳತನಕ್ಕೆ ಇಷ್ಟು ಬೇಗ ನ್ಯಾಯ ಒದಗಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊಳೆಯಿಂದ ಬಿಡಿಸಿಕೊಂಡೆ.

ಮೂಲೆಯಿಂದ ಕತ್ತರಿಸಿದ ಮೂರು ಚಿಂದಿಗಳಲ್ಲಿ ಮೂರು ಗುಂಡು ಹೊಡೆದೆ. ಮೂರೂ ನನ್ನ ಅಂಗೈಯಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದವು. ಹಿಮದಿಂದ ಹೆಕ್ಕಿದ ಚಿಂದಿಗಳು ಮಸಿಯಾಗಿದ್ದವು, ಸುಟ್ಟಿರಲಿಲ್ಲ. ಕೊಡವಿದರೆ ಇನ್ನೊಮ್ಮೆ ಹಾಕಬಹುದು ಎನ್ನುವಂತಿದ್ದವು. ಉಳಿದ ಬಟ್ಟೆಯಲ್ಲಿ ಸರಿಯಾಗಿ ಐದು ಚಿಂದಿ ಬಂದವು.

ಕ್ರಿಸ್‌ಮಸ್ ಬೆಳಿಗ್ಗೆ ಅಮ್ಮನ ಅಡುಗೆಮನೆಯಲ್ಲಿ ಕುರಿಕೊಬ್ಬು, ಜೇನುಮೇಣ ಕರಗಿಸಿ ಅವುಗಳಿಗೆ ಸವರಿದೆ. ಕೊಬ್ಬು ಹೀರಿದ ಬಟ್ಟೆ ಗಾಜಿನಂತೆ ಪಾರದರ್ಶಕವಾಯಿತು. ನಾಲ್ಕನೆಯದರಲ್ಲಿ, ಎಂದೋ ಮಾಸಿಹೋಗಿದ್ದ ಶಾಯಿ ಮೆಲ್ಲಗೆ ಮೇಲೆದ್ದಿತು: 1979. ಐದನೆಯದರಲ್ಲಿ ಹೆಸರು: ಇರ್ವಿನ್.

ಆ ವರ್ಷ ಬೇಟೆಗೆ ಹೋದವರು ಅಣ್ಣತಮ್ಮ ಇಬ್ಬರೇ ಎಂದು ಕೇಳಿದ್ದೆ. ಅಜ್ಜ ಪದ್ಧತಿ ಬಿಡಲಿಲ್ಲ: ಕತ್ತರಿಸಿದ, ಬರೆದ, ಮೊಳೆ ಹೊಡೆದ. ಆಮೇಲೆ ಅದರ ಮೇಲೆ ತನ್ನದನ್ನು ಹೊದಿಸಿದ. ನಲವತ್ತು ವರ್ಷ ಇಬ್ಬರೂ ಅದರ ಎದುರು ಕೂತು ಊಟ ಮಾಡಿದ್ದಾರೆ, ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ನಾನು ಅದನ್ನು ಕತ್ತರಿಸಿ ಕೊಬ್ಬಿನಲ್ಲಿ ಕರಿಯುತ್ತಿದ್ದೆ.

ಹೊಡೆತ ಮುಗಿದ ಮೇಲೆ ಚಿಂದಿ ಹೆಕ್ಕಿ ನೋಡುವುದು ಹಿರಿಯನ ಕೆಲಸ. ಡೆಲ್ಮರ್ ಅವನ ಹೆಗಲ ಮೇಲಿಂದ ಇಣುಕದೆ ಬಿಡುವವನಲ್ಲ. ದಿಂಬಿನ ಬಟ್ಟೆಯಾದರೆ ಸುಟ್ಟುಹೋಗುತ್ತಿತ್ತು, ಗುಂಡೂ ಎಲ್ಲೋ ಹೋಗುತ್ತಿತ್ತು. ನಾನು ಆರು ವಾರ ಬೆವರಿದ್ದು ಚಿಂದಿ ಸುಡದ ಹಾಗೆ ಮಾಡಲಿಕ್ಕೆ. ಹದ ಕೂಡಿಬಂದಷ್ಟೂ ಹೆಸರು ಸ್ಪಷ್ಟವಾಗಿ ಉಳಿಯುತ್ತದೆ. ಅಕ್ಷರವಿಲ್ಲದ ಮೂರನ್ನು ಮೊದಲು ಹೊಡೆಯುವುದು, ಮೂರೂ ಬಿದ್ದರೆ ಅಲ್ಲಿಗೆ ನಿಲ್ಲಿಸುವುದು ಎಂದು ನಿರ್ಧರಿಸಿದೆ.

ವರ್ನಾ ದೊಡ್ಡಮ್ಮ ಕಳಿಸಿದ ಕಾಕಂಬಿಯ ಸಿಹಿ ಹೂರಣದ ಪೈಯನ್ನು ಮೊದಲು ತಿಂದು ಮುಗಿಸಬೇಕಾಯಿತು, ಗುರಿಗೆ ಬೇಕಾದದ್ದು ಅದರ ತಟ್ಟೆ. ಡೆಲ್ಮರ್ ಎರಡು ತುಂಡು ತಿಂದು, ಬೆರಳು ನೆಕ್ಕಿ, ತಟ್ಟೆಯನ್ನು ಐವತ್ತು ಹೆಜ್ಜೆಯ ಆಚೆ ಬೇಲಿಗೂಟಕ್ಕೆ ಬಡಿದು ಬಂದ.

ಮೊದಲನೆಯದು ಟಣ್ ಎಂದಿತು. ಎರಡನೆಯದೂ. ಮೂರನೆಯದಕ್ಕೆ ಕೋವಿಯ ಕುದುರೆ ಎಳೆಯುವಾಗ ಇನ್ನೊಂದೇ ಸಾಕು ಎಂಬ ಯೋಚನೆ ಬಂತು. ಯೋಚನೆ ಬಂದರೆ ಕೆನ್ನೆ ಏಳುತ್ತದೆ. ಗುಂಡು ತಟ್ಟೆಯ ಮೇಲೆ ಹಾರಿಹೋಯಿತು.

"ಹಳದಿ ಬಲ್ಬೇ ಹಾಕಿಸ್ತೀನಿ ಕಣೇ," ಎಂದ ಡೆಲ್ಮರ್. "ನಿನ್ನ ಮುಖಕ್ಕೆ ಹೊಂದುತ್ತೆ."

ಇಸವಿಯ ಚಿಂದಿ ತುಂಬಿದೆ. ಗೂಟ ಚಕ್ಕೆ ಎದ್ದಿತು, ತಟ್ಟೆಗೆ ಹೆಬ್ಬೆಟ್ಟಿನಷ್ಟು ಎಡಕ್ಕೆ.

ಡಬ್ಬಿಯಲ್ಲಿ ಹೆಸರು ಮಾತ್ರ ಉಳಿಯಿತು. ಇಲ್ಲಿಗೆ ಬಿಟ್ಟರೆ ಚಿಕ್ಕಜ್ಜನ ಮಾನ ಅರ್ಧವಾದರೂ ಉಳಿಯುತ್ತದೆ, ಕೋವಿ ದೀಪವಾಗುತ್ತದೆ. ನಾನು ಚಿಕ್ಕಜ್ಜನ ಕಡೆ ನೋಡಿದೆ. ಅವನು ಹಿಮದ ಮೇಲೆ ಬಿದ್ದ ಚಿಂದಿಗಳ ಕಡೆ ನೋಡುತ್ತಿದ್ದ. ಅಕ್ಷರ ಒಳಮುಖವಾಗುವಂತೆ ಹೆಸರನ್ನು ನಳಿಗೆಯ ಬಾಯಿಗಿಟ್ಟು, ಗುಂಡು ಒತ್ತಿ, ಗಜದ ಕೋಲಿನಿಂದ ಕೆಳಗಿಳಿಸಿದೆ. ಇಳಿಸಿದ ಮೇಲೆ ಯೋಚಿಸುವುದಕ್ಕೆ ಏನೂ ಉಳಿಯಲಿಲ್ಲ, ಕೆನ್ನೆ ತಾನಾಗಿ ತನ್ನ ಜಾಗಕ್ಕೆ ಬಂತು.

ಟಣ್.

ಡೆಲ್ಮರ್ ತಟ್ಟೆಯ ಕಡೆ ಓಡಿದ, ತೂತು ಅಂಚಿನ ಹೊರಗಿದೆಯೇನೋ ಎಂಬ ಆಸೆಗೆ. ಚಿಕ್ಕಜ್ಜ ನಿಧಾನವಾಗಿ ಚಿಂದಿಗಳ ಬಳಿ ಹೋಗಿ ಬಗ್ಗಿದ. ಒಂದೊಂದೇ ಹೆಕ್ಕಿದ. ನಾಲ್ಕನೆಯದನ್ನು ಎತ್ತಿದಾಗ ತಡೆದ. ಐದನೆಯದನ್ನು ಹೆಬ್ಬೆರಳಿನಿಂದ ಒರೆಸಿದ, ತುಂಬ ಹೊತ್ತು ನೋಡಿದ. ಆಮೇಲೆ ನನ್ನನ್ನು ನೋಡಿದ. ಮುಖದಲ್ಲಿ ಏನಿತ್ತೋ ನಾನು ಇವತ್ತಿಗೂ ಹೇಳಲಾರೆ.

"ಚಿಂದಿ ತೋರ್ಸು ಚಿಕ್ಕಜ್ಜ," ಎಂದು ಡೆಲ್ಮರ್ ವಾಪಸು ಬರುತ್ತಿದ್ದ. "ಯಾವ ಬಟ್ಟೆ ಹಾಕಿದಾಳೆ ನೋಡೋಣ."

ಚಿಕ್ಕಜ್ಜನ ಕೈ ಬಾಯಿಗೆ ಹೋಯಿತು. ಮಸಿ, ಕುರಿಕೊಬ್ಬು, ಇಸವಿ, ಹೆಸರು ಎಲ್ಲವೂ ಹೊಗೆಸೊಪ್ಪಿನ ಕೆನ್ನೆ ಸೇರಿದವು. ಉಳಿದ ಮೂರನ್ನು ಡೆಲ್ಮರನಿಗೆ ಕೊಟ್ಟು, ಕೋವಿಯತ್ತ, ಆಮೇಲೆ ನನ್ನತ್ತ ಬೆರಳು ತೋರಿಸಿದ. ಅರ್ಧ ಗಂಟೆ ಬಾಯಿ ತೆರೆಯಲಿಲ್ಲ. ಅವನ ಮಟ್ಟಿಗೆ ಅದೇನೂ ಹೆಚ್ಚಲ್ಲ, ಯಾರಿಗೂ ಅನುಮಾನ ಬರಲಿಲ್ಲ.

ಮರುದಿನ ಬೆಳಿಗ್ಗೆ ಗುಡ್ಡದ ಇಳಿಜಾರಿನಲ್ಲಿ ನಾನು ಮೇಲೆ, ಚಿಕ್ಕಜ್ಜ ಕೆಳಗೆ ಕೂತಿದ್ದೆವು. ಒಂದು ಹೆಣ್ಣುಜಿಂಕೆ ಬಂದು ಅವನೆದುರು ಮೂವತ್ತು ಹೆಜ್ಜೆಯಲ್ಲಿ ಅಡ್ಡಲಾಗಿ ನಿಂತಿತು. ಅವನು ಕೋವಿ ಎತ್ತಿದ. ಸದ್ದಿನ ಹಿಂದೆಯೇ, ಜಿಂಕೆಯ ತಲೆಯಿಂದ ಎರಡಾಳು ಎತ್ತರದ ಕೊಂಬೆಯಿಂದ ಹಿಮ ಉದುರಿತು. ಜಿಂಕೆ ಅವನನ್ನು ಒಮ್ಮೆ ನೋಡಿ ಹೊರಟುಹೋಯಿತು.

ಬೇಟೆಮನೆಗೆ ಬಂದು ಉಣ್ಣೆಯ ಕೋಟು ಕಳಚಿ, ಡೆಲ್ಮರನಿಗೆ ಬೆನ್ನು ಮಾಡಿ ನಿಂತು, "ತಪ್ತು. ಕತ್ತರಿಸು," ಎಂದ. ಡೆಲ್ಮರ್ ಚಾಕು ತೆಗೆದು ಅಂಗಿಯ ಹಿಂಬದಿಯ ಅಂಚು ಕತ್ತರಿಸಿದ. ಯಾರೂ ನಗಲಿಲ್ಲ. ಡೆಲ್ಮರನೇ ಹೆಸರು, ವರ್ಷ ಬರೆದು ಗೋಡೆಗೆ ಮೊಳೆ ಹೊಡೆದ.

ಎಲ್ಲರೂ ಊಟಕ್ಕೆ ಹೋದ ಮೇಲೆ, ಬೇಕೆಂದೇ ತಪ್ಪಿಸಿದೆಯಾ ಎಂದು ಚಿಕ್ಕಜ್ಜನನ್ನು ಕೇಳಿದೆ. ಅವನು ಗೋಡೆಯ ಮೇಲಿನ ತನ್ನ ಹೊಸ ತುಂಡನ್ನು ಎರಡು ಬೆರಳಲ್ಲಿ ಹಿಡಿದು ನೇಯ್ಗೆ ನೋಡಿದ. ಅವನು ವರ್ಷವೂ ಹಾಕಿಕೊಂಡು ಬರುವ ದಪ್ಪ ಚೌಕಳಿ ಅಂಗಿಯದಲ್ಲ, ತೆಳ್ಳಗಿನ ಹಳೆಯ ನೀಲಿ.

"ಹದಿನೈದು ವರ್ಷ ಒಗೆದಿದ್ದು," ಎಂದ. "ಮುಂದಿನ ವರ್ಷದ ಚಿಂದಿಗೆ ನಿಂಗೆ ಸಾಕು. ಹೆಸರು ಅಂಚಲ್ಲೇ ಬರೆಸಿದೀನಿ, ನೋಡ್ಕೊಂಡು ಕತ್ತರಿಸು."