ಕರೆಂಟ್ ಬಿಲ್ಲಿನೊಳಗಿನ ಬೇವಿನ ಮರ

“ಹೆಸರು ಹಾಕಿ ಕಳ್ಸಿದ್ದಾ? ಫ್ಲ್ಯಾಟ್ ನಂಬರೂ?” ಫೆಲಿಕ್ಸನ ಕೈಯಲ್ಲಿದ್ದ ನೀರುದೋಸೆಯ ಚೂರು ಬಟ್ಟಲಿಗೇ ಬಿತ್ತು.

“ಮತ್ತೆ? ಕಂಪ್ಲೇಂಟ್ ಅಂದ ಮೇಲೆ ಹೆಸರು ಬೇಡ್ವಾ?” ಅಗಾತಾ ಕಾವಲಿಗೆ ಇನ್ನೊಂದು ಸೌಟು ಹಿಟ್ಟು ಹೊಯ್ದಳು.

“ಖಲಾಸ್! ಮುಂದಿನ ತಿಂಗಳು ನನ್ನ ವೀಸಾ ರಿನೀವಲ್ ಉಂಟು, ನೆನಪುಂಟಾ? ಒಂದು ಮರಕ್ಕೋಸ್ಕರ ನಮ್ಮನ್ನು ಊರಿಗೆ ಪಾರ್ಸೆಲ್ ಮಾಡ್ತಾರೆ ನೋಡು.”

ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್ ಆಗಿರುವ ಫೆಲಿಕ್ಸ್ ದುಬೈಗೆ ಬಂದಂದಿನಿಂದ ಪಾಲಿಸಿದ್ದು ಒಂದೇ ವ್ರತ, ಬಾಯಿ ಬಿಡಬಾರದು. ಕರಾಮ ಬಡಾವಣೆಯ ಈ ಮನೆಯಲ್ಲಿ ಲಿಫ್ಟ್ ಕೆಟ್ಟರೂ ಮೆಟ್ಟಿಲು ಹತ್ತುತ್ತಾನೆಯೇ ಹೊರತು ವಾಚ್‌ಮನ್‌ಗೂ ಹೇಳುವುದಿಲ್ಲ. ಊರಿಗೆ ಹೋದಾಗ ಮಾತ್ರ ಬಾಯಿಗೆ ಬೀಗವಿಲ್ಲ. ಮನೆ ತೆರಿಗೆ ಕಟ್ಟಲು ಪಾಲಿಕೆಗೆ ಅಲೆಯುವ ಭಾವಂದಿರ ಮುಂದೆ ಕಾಲ ಮೇಲೆ ಕಾಲು ಹಾಕಿ, “ನಮ್ಮಲ್ಲಿ ಟ್ಯಾಕ್ಸೇ ಇಲ್ಲ ಮಾರಾಯ್ರೆ” ಎನ್ನುತ್ತಾನೆ. ತಿಂಗಳು ತಿಂಗಳೂ ಕರೆಂಟ್ ಬಿಲ್ಲಿನಲ್ಲಿ ಬರುವ ‘ಹೌಸಿಂಗ್ ಫೀ’ಯನ್ನು ಅವನು ಕಟ್ಟಡದ ಮಾಲೀಕ ಗುಟ್ಟಾಗಿ ತುರುಕಿದ ಕಮಿಷನ್ ಎಂದೇ ನಂಬಿದ್ದ.

ಆ ನಂಬಿಕೆಗೆ ನಿನ್ನೆ ಸಂಜೆ ಕೊಡಲಿಯೇಟು ಹಾಕಿದವಳು ಎದುರು ಫ್ಲ್ಯಾಟಿನ ಜಸೀಲ. ಉಳ್ಳಾಲದ ಹುಡುಗಿ, ಬಾಡಿಗೆ ಮನೆಗಳ ಆಫೀಸಿನಲ್ಲಿ ಕೆಲಸ. ಆಸ್ಪತ್ರೆಯ ಶಿಫ್ಟ್ ಮುಗಿಸಿ ಬಸ್ಸಿಳಿಯುವ ಅಗಾತಾ, ಅವಳ ಜೊತೆ ಕಟ್ಟಡದ ಮುಂದಿನ ಬೇವಿನ ಮರದಡಿ ಕೂತು ಚಹಾ ಕುಡಿದ ಮೇಲೆಯೇ ಮನೆ ಹತ್ತುವುದು. ದಿನವಿಡೀ ಬೇರೆಯವರ ನೋವು ಕೇಳಿದವಳಿಗೆ ಅದೊಂದೇ ತನ್ನದು ಎನ್ನುವ ಹೊತ್ತು. ಆ ಮರ ಈಗ ಎಲೆಯೆಲ್ಲ ಉದುರಿಸಿಕೊಂಡು ನಿಂತಿತ್ತು.

“ಅದು ಓನರಿಗೆ ಹೋಗುದಲ್ಲ ಅಗಾತಕ್ಕ,” ಎಂದಿದ್ದಳು ಜಸೀಲ. “ವರ್ಷದ ಬಾಡಿಗೆಯಲ್ಲಿ ಐದು ಪರ್ಸೆಂಟ್. ಹನ್ನೆರಡು ಪಾಲು ಮಾಡಿ ಬಿಲ್ಲಿಗೆ ಸೇರಿಸ್ತಾರೆ. ಹೋಗುದು ಮುನಿಸಿಪಾಲಿಟಿಗೆ. ಕಸ ಎತ್ತುದು, ರಸ್ತೆ ಗುಡಿಸುದು, ಪಾರ್ಕು, ಈ ಮರಕ್ಕೆ ನೀರು, ಎಲ್ಲ ಅವರದ್ದೇ. ನಾವು ಕೊಡುವವರು, ಕೇಳ್ಲಿಕ್ಕೆ ಎಂತ ನಾಚಿಕೆ?”

ಅಗಾತಾಳಿಗೆ ಮೈಯೆಲ್ಲ ಪುಳಕವಾಗಿತ್ತು. ಇಷ್ಟು ವರ್ಷ ಈ ಮರಕ್ಕೆ ನೀರು ಹಾಕಿದ್ದರಲ್ಲಿ ತನ್ನದೂ ಒಂದು ಚೆಂಬು ಇತ್ತಲ್ಲ! ಅಲ್ಲೇ ಫೋಟೊ ತೆಗೆದು ಮುನಿಸಿಪಾಲಿಟಿಗೆ ಕಂಪ್ಲೇಂಟ್ ಕಳಿಸಿಬಿಟ್ಟಿದ್ದಳು. ದೋಸೆ ಹೊಯ್ಯುತ್ತಾ ಅದನ್ನೆಲ್ಲ ಈಗ ಗಂಡನಿಗೂ ಹೇಳಿ ಮುಗಿಸಿದಳು.

ಕೆಳಗೆ ಲಾರಿ ಬಂದು ನಿಂತ ಸದ್ದಾಯಿತು.

“ಬಂದ್ರು!” ಅಗಾತಾ ಸೌಟು ಹಿಡಿದೇ ಬಾಲ್ಕನಿಗೆ ಓಡಿದಳು. ಆದರೆ ಲಾರಿಯಿಂದ ಮೊದಲು ಇಳಿದದ್ದು ಗರಗಸ. “ಅಯ್ಯೋ, ಕಡೀಲಿಕ್ಕೆ ಬಂದದ್ದು!” ಎಂದವಳೇ ಮೆಟ್ಟಿಲು ದಡದಡ ಇಳಿದಳು.

ಕೆಲಸಗಾರರ ಮೇಸ್ತ್ರಿ ರಮೀಝ್ ಹಿಂದಿಯಲ್ಲಿ ಸಮಾಧಾನವಾಗಿಯೇ ಹೇಳಿದ, “ಮರ ಸತ್ತಿದೆ ಅಕ್ಕ. ಸತ್ತಿದ್ದರೆ ತೆಗೆಯಬೇಕು ಅಂತ ಆರ್ಡರ್.”

“ಯಾರು ಹೇಳಿದ್ದು ಸತ್ತಿದೆ ಅಂತ?” ಅಗಾತಾ ಉಗುರಿನಿಂದ ಎಳೆ ಕೊಂಬೆಯೊಂದರ ತೊಗಟೆ ಕೆರೆದಳು. ಒಳಗೆ ಹಸಿ ಹಸಿರು! ಬಾಲ್ಕನಿಯಿಂದ ಜಸೀಲ ಚಪ್ಪಾಳೆ ತಟ್ಟಿದಳು. ಮೇಲಿನ ಮಹಡಿಯಿಂದ ಯಾರೋ ಸಿಳ್ಳೆ ಹಾಕಿದರು.

ರಮೀಝ್ ಬಗ್ಗಿ ನೋಡಿದ, ತಲೆ ತುರಿಸಿಕೊಂಡ. “ಸರಿ, ಬಿಡ್ತೇನೆ. ಆದರೆ ಇಲ್ಲಿಯ ಒಬ್ಬರು ಕಡಿಯೋದು ಬೇಡ ಅಂದ್ರು ಅಂತ ಬರೀಬೇಕು. ಮನೆ ಯಾರ ಹೆಸರಲ್ಲಿದೆ? ಅವರೇ ಹೇಳಬೇಕು.”

ಅಗಾತಾ ತಮ್ಮ ಬಾಲ್ಕನಿಯತ್ತ ನೋಡಿದಳು. ಬಾಡಿಗೆ ಕರಾರು ಗಂಡನ ಹೆಸರಲ್ಲಿ. ಅವನೀಗ ಮಂಚದಡಿ ಸೇರಿದ್ದರೂ ಆಶ್ಚರ್ಯವಿಲ್ಲ. ಗರಗಸ ಹಿಡಿದವನು ಕಾಯುತ್ತಾ ನಿಂತಿದ್ದ.

“ನನ್ನ ಹೆಸರಲ್ಲಿ.”

ಹಿಂದೆ ಫೆಲಿಕ್ಸ್ ನಿಂತಿದ್ದ. ಇಸ್ತ್ರಿ ಮಾಡದ ಅಂಗಿ ತೊಟ್ಟು ಹೊಸ್ತಿಲು ದಾಟದ ಮನುಷ್ಯ, ಬನಿಯನ್ ಲುಂಗಿಯಲ್ಲೇ ಬೀದಿಗೆ ಬಂದಿದ್ದ. ಕೈಯಲ್ಲಿ ‘ಹೌಸಿಂಗ್ ಫೀ’ಯ ಸಾಲು ಮೇಲೆ ಬರುವಂತೆ ಮಡಚಿದ ಕರೆಂಟ್ ಬಿಲ್ಲಿತ್ತು.

“ಫೆಲಿಕ್ಸ್ ಮಸ್ಕರೇನ್ಹಸ್,” ಎಂದ. ರಮೀಝ್ ಬರೆಯುತ್ತಾ ಅರ್ಧಕ್ಕೇ ತಡವರಿಸಿದ್ದು ಕಂಡು ಇನ್ನಷ್ಟು ಗಟ್ಟಿಯಾಗಿ, ಇಡೀ ಬೀದಿಗೆ ಕೇಳುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. “ಎಂ… ಎ… ಎಸ್… ಬರ್ಕೊಳ್ಳಿ, ತಪ್ಪಬಾರ್ದು.”

ಅಗಾತಾಳಿಗೆ ನಗುವೂ ಬಂತು, ಕಣ್ಣೂ ತುಂಬಿತು.

ಕೇಬಲ್ ಹಾಕಲು ಯಾರೋ ಅಗೆದಾಗ ಮರದ ನೀರಿನ ಪೈಪು ತುಂಡಾಗಿತ್ತು. ಅದನ್ನು ಜೋಡಿಸಿ ರಮೀಝ್ ಲಾರಿ ಹತ್ತಿದ. ಜನ ಒಳಗೆ ಹೋದರು. ಅಗಾತಾಳಿಗೆ ಕಾವಲಿಯ ಮೇಲೆ ಬಿಟ್ಟ ದೋಸೆ ಈಗ ನೆನಪಾಯಿತು.

“ಸೀದು ಹೋಯ್ತೋ ಏನೋ! ಬನ್ನಿ ಮೇಲೆ.”

“ಗ್ಯಾಸ್ ಆಫ್ ಮಾಡಿಯೇ ಬಂದದ್ದು. ನೀನು ಹೋಗು,” ಎಂದ ಫೆಲಿಕ್ಸ್. ಲುಂಗಿ ಮೇಲೆ ಕಟ್ಟಿ, ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಪೈಪಿನಿಂದ ಹನಿ ಹನಿಯಾಗಿ ಬಿದ್ದ ನೀರು ಒಣ ಮಣ್ಣಿನಲ್ಲಿ ಕಪ್ಪಗೆ ಹರಡುತ್ತಾ ಅವನ ಹೆಬ್ಬೆರಳಿನವರೆಗೂ ಬಂತು. ಅವನು ಕಾಲು ಹಿಂದೆ ತೆಗೆಯಲಿಲ್ಲ.