ಏಳನೇ ಪುಟ, ನಾಲ್ಕನೇ ಸಾಲು

ಭಾನುವಾರ ಬೆಳಿಗ್ಗೆ ಲಿಫ್ಟ್ ಮೇಸ್ತ್ರಿ ಟೇಪು ಹಿಡಿದು ಹೆಂಡತಿಯ ಮೇಜನ್ನು ಅಳೆಯುತ್ತಿದ್ದ. ಅಳೆಯುತ್ತಿದ್ದದ್ದು ಅದು ಮೂರನೇ ಸಲ. ಎಂಟು ದಿನದಿಂದ ಫೋನಿನಲ್ಲಿ ಮಾನಿಟರುಗಳ ವಿಡಿಯೋ ನೋಡಿ ನೋಡಿ ಅವನ ತಲೆಯ ತುಂಬ ಬರೀ ಇಂಚುಗಳೇ ಓಡಾಡುತ್ತಿದ್ದವು.

"ಸ್ವಲ್ಪ ಏಳೇ, ಈ ಮೂಲೆ ಅಳೀಬೇಕು."

ಹೆಂಡತಿ ಪರದೆಯಿಂದ ಕಣ್ಣು ಕೀಳದೆ ಒಂದು ಬೆರಳು ಎತ್ತಿದಳು. ತಾಳಿ, ಈ ಸಾಲು ಮುಗಿಯಲಿ ಎಂದು ಅದರ ಅರ್ಥ. ಅವನು ತಾಳುವ ಪೈಕಿಯಲ್ಲ. ಟೇಪು ಆಗಲೇ ಅವಳ ಮೊಣಕೈ ಕೆಳಗೆ ನುಗ್ಗಿತ್ತು. ಅವಳು ಪಕ್ಕದ ಪುಟ್ಟ ನೋಟ್‌ಬುಕ್ಕಿನಲ್ಲಿ ಏನೋ ಗೀಚಿ ಎದ್ದಳು.

"ಮೂವತ್ತೆರಡು ಇಂಚಿಂದು ತರ್ತೀನಿ. ಬಾಗಿರೋದು. ರಾಣಿ ಥರ ಕೂತ್ಕೊಂಡು ಕೆಲಸ ಮಾಡು."

"ರಾಣಿಗೆ ಕರಡು ತಿದ್ದೋ ಕೆಲಸ ಯಾರ್ರೀ ಕೊಡ್ತಾರೆ?"

ಅವಳ ಕೆಲಸ ಅದೇ. ಯಾವ ಔಷಧ ಯಾರಿಗೆ ಎಷ್ಟು ಎಂದು ತಿಳಿಸುವ ಕಿರುಪುಸ್ತಿಕೆಗಳನ್ನು ಒಂದು ಮುದ್ರಣಾಲಯ ಅಚ್ಚು ಹಾಕುತ್ತಿತ್ತು. ವೈದ್ಯರು ಬರೆದ ಮೂಲಪ್ರತಿ, ಅಚ್ಚಿಗೆ ಜೋಡಿಸಿದ ಪುಟ, ಎರಡನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದನ್ನು ಅವಳು ಮನೆಯಲ್ಲೇ ಕೂತು ಹನ್ನೆರಡು ವರ್ಷದಿಂದ ಮಾಡುತ್ತ ಬಂದಿದ್ದಳು. ಹೋದ ತಿಂಗಳು ಮಕ್ಕಳ ಜ್ವರದ ಪುಸ್ತಿಕೆಯಲ್ಲಿ ಎರಡೂವರೆ ಮಿಲಿ ಎಂದಿರಬೇಕಾದ ಕಡೆ ಚುಕ್ಕೆ ಹಾರಿಹೋಗಿ ಇಪ್ಪತ್ತೈದು ಎಂದಾಗಿತ್ತು. ಅದು ಅವಳ ಕಣ್ಣಿಗೆ ಬೀಳಲಿಲ್ಲ. ಪುಣ್ಯಕ್ಕೆ ಅಚ್ಚಾಗುವ ಮೊದಲು ಇನ್ಯಾರೋ ನೋಡಿದರು.

"ಇನ್ನೊಂದ್ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗತ್ತೆ ಅಕ್ಕಾ," ಎಂದಿದ್ದರು ಮಾಲೀಕರು, ಬಹಳ ನಯವಾಗಿಯೇ. ಆ ಪುಟವನ್ನು ಅವಳು ಮೇಜಿನ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದಳು. ಏಳನೇ ಪುಟ, ನಾಲ್ಕನೇ ಸಾಲಿಗೆ ಕೆಂಪು ಸುತ್ತು. ಎರಡು ದಿನ ಅವಳು ಸರಿಯಾಗಿ ಊಟ ಮಾಡಿರಲಿಲ್ಲ. ಅದನ್ನು ನೋಡಲಾರದೆ ಮೇಸ್ತ್ರಿ, ಇವಳಿಗೆ ಎರಡನೇ ಮಾನಿಟರು ತಂದೇ ತರುತ್ತೇನೆಂದು ಹಟ ಹಿಡಿದಿದ್ದ. ಹೆಂಡತಿಯೆಂದರೆ ಅವನಿಗೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಬಾಗಿದ ಪರದೆಯಲ್ಲಿ ಭಾನುವಾರದ ಮ್ಯಾಚು ಸೊಗಸಾಗಿ ಕಾಣುತ್ತದೆ ಎಂಬ ಆಸೆಯೂ ಮನಸ್ಸಿನ ಮೂಲೆಯಲ್ಲಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ ಅಷ್ಟೆ.

"ಮನೇಲೇ ಇರ್ತಾಳೆ, ಅವಳಿಗೆ ಎರಡೆರಡು ಟೀವಿ ಯಾಕೋ?" ಎಂದರು ಒಳಗಿನಿಂದ ಅವನ ಅಮ್ಮ.

ಮಧ್ಯಾಹ್ನ ಮೇಸ್ತ್ರಿ ಹೋದ ಕಂಪ್ಯೂಟರ್ ಅಂಗಡಿಯ ಒಡತಿ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಹೆಂಗಸು. ಮೇಸ್ತ್ರಿ ಕೈ ತೋರಿಸಿದ ಬಾಗಿದ ಮಾನಿಟರನ್ನೂ ಅವನ ಮುಖವನ್ನೂ ಒಮ್ಮೆ ನೋಡಿದಳು.

"ಯಾರಿಗೆ ಸಾರ್?"

"ನಮ್ಮ ಮನೆಯವಳಿಗೆ. ಮನೇಲೇ ಇರ್ತಾಳೆ. ಕಂಪ್ಯೂಟರಲ್ಲಿ ಏನೋ ಓದ್ತಿರ್ತಾಳೆ."

"ಓದೋ ಪುಟ ಉದ್ದಕ್ಕಿರತ್ತಾ, ಅಗಲಕ್ಕಾ? ಈಗಿರೋ ಪರದೆ ಅವರ ಕಣ್ಣಿನ ಮಟ್ಟಕ್ಕಿದೆಯಾ? ಎರಡು ಪರದೆನೂ ಒಟ್ಟಿಗೆ ನೋಡ್ಬೇಕಾ, ಯಾವಾಗಲಾದರೂ ಒಮ್ಮೆನಾ?"

ಸದ್ದು ಕೇಳಿಯೇ ಯಾವ ಲಿಫ್ಟಿನ ಯಾವ ಗಾಲಿ ಸವೆದಿದೆ ಎಂದು ಹೇಳಬಲ್ಲ ಮೇಸ್ತ್ರಿಗೆ ಹೆಂಡತಿ ಓದುವ ಪುಟ ಉದ್ದವೋ ಅಗಲವೋ ಗೊತ್ತಿರಲಿಲ್ಲ.

"ಬಾಗಿರೋದು ಆಟಕ್ಕೆ, ಸಿನಿಮಾಕ್ಕೆ ಚೆನ್ನಾಗಿರತ್ತೆ," ಎಂದಳು ಒಡತಿ ನಗುತ್ತ. "ಒಂದು ಗಂಟೆ ಅವರ ಪಕ್ಕದಲ್ಲಿ ಕೂತು ನೋಡ್ಕೊಂಡು ಬನ್ನಿ. ಮಾನಿಟರ್ ಎಲ್ಲೂ ಓಡಿಹೋಗಲ್ಲ."

ಮರುದಿನ ಅರ್ಧ ದಿನ ರಜೆ ಹಾಕಿ, ಮೇಸ್ತ್ರಿ ಸ್ಟೂಲು ಎಳೆದುಕೊಂಡು ಹೆಂಡತಿಯ ಹಿಂದೆ ಕೂತ.

"ಏನ್ರೀ ಇದು, ಪರೀಕ್ಷೆ ಹಾಲ್‌ನಲ್ಲಿ ಮೇಷ್ಟ್ರು ಕೂತ ಹಾಗೆ!"

"ನೀನು ಮಾಡು. ನಾನು ಇಲ್ಲ ಅಂದ್ಕೋ."

ಅವಳು ಮೂಲಪ್ರತಿಯ ಒಂದು ಸಾಲು ಓದಿದಳು. ತುಟಿಯಲ್ಲೇ ಅದನ್ನು ಗುನುಗುತ್ತ ಗುಂಡಿ ಒತ್ತಿ ಇನ್ನೊಂದು ಪುಟಕ್ಕೆ ಹೋಗಿ ತಾಳೆ ನೋಡಿದಳು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ತುಂಬಿದ ಲೋಟ ಹಿಡಿದು ಮೆಟ್ಟಿಲು ಹತ್ತಿದ ಹಾಗೆ ಅವಳು ಒಂದೊಂದೇ ಸಾಲನ್ನು ಹೊತ್ತು ದಾಟುತ್ತಿದ್ದಳು. ಅಷ್ಟರಲ್ಲಿ ಬಾಗಿಲ ಗಂಟೆ. ಎದ್ದಳು. ಬಂದು ಕೂತಳು. ಅಮ್ಮನ ಮಾತ್ರೆ. ಎದ್ದಳು. ಪಕ್ಕದ ಮನೆಯವರ ಪಾರ್ಸೆಲ್, "ನೀವು ಹೇಗೂ ಮನೇಲೇ ಇರ್ತೀರಲ್ಲ" ಎಂಬ ಫೋನು. ಪ್ರತಿ ಸಲವೂ ಏಳುವ ಮುಂಚೆ ನೋಟ್‌ಬುಕ್ಕಿನಲ್ಲಿ ಒಂದು ಗೀಚು.

ಅವಳು ಮತ್ತೆ ಬಾಗಿಲಿಗೆ ಹೋದಾಗ ಮೇಸ್ತ್ರಿ ನೋಟ್‌ಬುಕ್ಕು ತೆಗೆದು ನೋಡಿದ. ಎಲ್ಲಿ ನಿಲ್ಲಿಸಿದಳು, ಯಾತಕ್ಕೆ ಎದ್ದಳು ಎಂಬುದರ ಪಟ್ಟಿ ಅದು. ಪುಟ ಎರಡು, ಸಾಲು ಹತ್ತು, ಬಾಗಿಲು. ಪುಟ ಮೂರು, ಸಾಲು ಒಂದು, ಅತ್ತೆ. ಪುಟ ಮೂರು, ಸಾಲು ಆರು, ಇವರು. ಹಾಳೆ ತಿರುವಿದ. ಇವರು, ಇವರು, ಬಾಗಿಲು, ಇವರು. ಮಕ್ಕಳ ಜ್ವರದ ಪುಸ್ತಿಕೆ ಎಂದು ಬರೆದಿದ್ದ ಹಾಳೆ ಬಂತು. ಪುಟ ಏಳು, ಸಾಲು ನಾಲ್ಕು. ಇವರು. ನೇಲ್ ಕಟರ್.

ಅವನು ಗೋಡೆಯ ಕೆಂಪು ಸುತ್ತನ್ನು ನೋಡಿದ, ಮತ್ತೆ ಹಾಳೆಯನ್ನು ನೋಡಿದ. ಆ ನೇಲ್ ಕಟರ್ ಕೊನೆಗೆ ಅವನ ಅಂಗಿಯ ಜೇಬಿನಲ್ಲೇ ಸಿಕ್ಕಿದ್ದು ಅವನಿಗೆ ನೆನಪಿತ್ತು.

"ಯಾಕೆ ಹೇಳ್ಲಿಲ್ಲ?" ಅವಳು ವಾಪಸು ಬಂದಾಗ ಕೇಳಿದ.

ಅವಳು ನೋಟ್‌ಬುಕ್ಕನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡಳು. "ತಪ್ಪು ನಂದೇ ಕಣ್ರೀ. ಬಂದು ಕೂತಾಗ ಆ ಸಾಲು ಓದಿಯಾಗಿದೆ ಅಂದ್ಕೊಂಡೆ. ನಿಮಗೆ ಹೇಳಿದ್ರೆ ಏನಾಗ್ತಿತ್ತು? ಬೇಜಾರು ಮಾಡ್ಕೊಂಡು ಊಟ ಬಿಡ್ತಿದ್ರಿ. ಸಮಾಧಾನ ಮಾಡೋಕೆ ಮತ್ತೆ ನಾನೇ ಎದ್ದು ಬರ್ಬೇಕಿತ್ತು."

ಮೇಸ್ತ್ರಿಗೆ ನಗು ಬಂತು, ಕಣ್ಣೂ ತುಂಬಿತು. ತಾನು ರಿಪೇರಿಗೆ ಲಿಫ್ಟಿನ ಬಾವಿಗಿಳಿದಾಗ ಮೇಲೆ ಯಾರಾದರೂ ಗುಂಡಿ ಮುಟ್ಟಿದರೆ ಇಡೀ ಕಟ್ಟಡ ಕೇಳುವ ಹಾಗೆ ಕೂಗುತ್ತಿದ್ದವನು ಅವನು. ಹನ್ನೆರಡು ವರ್ಷ ಇವಳ ಗುಂಡಿಯನ್ನು ಅವನೇ ಒತ್ತುತ್ತ ಬಂದಿದ್ದ. ಇವಳು ಒಂದು ದಿನವೂ ಕೂಗಿರಲಿಲ್ಲ.

ಸಂಜೆ ಅಂಗಡಿಗೆ ಇಬ್ಬರೂ ಹೋದರು. ಈ ಸಲ ಒಡತಿ ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಹೇಳಿದಳು, ಅವನು ಚೀಲ ಹಿಡಿದು ನಿಂತಿದ್ದ. ಇಪ್ಪತ್ನಾಲ್ಕು ಇಂಚಿನ ಸಾದಾ ಮಾನಿಟರು. ಪರದೆಯನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಬಹುದು, ಪುಟ ಪೂರ್ತಿ ಕಾಣುತ್ತದೆ. ಎತ್ತರ ಹಳೆಯದಕ್ಕೆ ಸರಿಯಾಗಿ ಹೊಂದಿಸಿಕೊಳ್ಳಬಹುದು, ಕುತ್ತಿಗೆ ನೋಯುವುದಿಲ್ಲ. ಬಾಗಿದ್ದರ ಕಡೆ ಮೇಸ್ತ್ರಿ ಒಂದೇ ಒಂದು ಸಲ ನೋಡಿದ, ಅಷ್ಟೆ.

ಮನೆಗೆ ಬಂದು ತಂತಿಗಳನ್ನೆಲ್ಲ ಜೋಡಿಸಿದ ಮೇಲೆ ಅವನು ತನ್ನ ಕೆಲಸದ ಚೀಲದಿಂದ ಒಂದು ಹಳದಿ ಬೋರ್ಡು ತೆಗೆದು, ಬಾಗಿಲ ಕಡೆ ಮುಖವಾಗಿರುವಂತೆ ಹೊಸ ಮಾನಿಟರಿನ ಬೆನ್ನಿಗೆ ತೂಗುಹಾಕಿದ. 'ಕೆಲಸ ನಡೆಯುತ್ತಿದೆ. ಗುಂಡಿ ಒತ್ತಬೇಡಿ.'

ಮರುದಿನ ಬೆಳಿಗ್ಗೆ ಅಮ್ಮ ಬೋರ್ಡಿನ ಮುಂದೆ ನಿಂತು ಸೊಂಟಕ್ಕೆ ಕೈಯಿಟ್ಟರು. "ನಾನೇನು ಗುಂಡಿ ಒತ್ತೋಕೆ ಬಂದ್ನೇನೋ? ನನ್ನ ಮಾತ್ರೆ ಎಲ್ಲಿ?"

"ಅಮ್ಮಾ, ಇಲ್ಲಿ ಬಾ. ಇನ್ಮೇಲೆ ನಾನಿರುವಾಗ ನನ್ನ ಕೇಳು. ನಾನಿಲ್ಲದಾಗ ನಿನ್ನ ಡಬ್ಬಿ ಇಲ್ಲೇ ಇರತ್ತೆ, ನೋಡ್ಕೋ." ಡಬ್ಬಿ ಎಲ್ಲಿದೆ ಎಂದು ಪತ್ತೆ ಮಾಡಲು ಅವನಿಗೇ ಕಾಲು ಗಂಟೆ ಹಿಡಿದಿತ್ತು. ಪಕ್ಕದ ಮನೆಯವರ ಫೋನು ಬಂದಾಗಲೂ ಅವನೇ ಎತ್ತಿಕೊಂಡು, "ಡ್ಯೂಟಿಯಲ್ಲಿದ್ದಾಳೆ, ಸಂಜೆ ಮಾಡಿ," ಎಂದ.

ಹಳೆಯ ಚಾಳಿ ಒಂದೇ ದಿನಕ್ಕೆ ಹೋಗುತ್ತದೆಯೇ? ಮುಂದಿನ ಭಾನುವಾರ ಮೇಸ್ತ್ರಿ ದಡಬಡ ಕೋಣೆಗೆ ನುಗ್ಗಿದ. "ಏನೇ, ಆ ನೇಲ್..."

ಎದುರಿಗೆ ಹಳದಿ ಬೋರ್ಡು. ಅದರಾಚೆ, ಎರಡು ಪರದೆಗಳ ನಡುವೆ ಕಣ್ಣಾಡಿಸುತ್ತಿದ್ದ ಹೆಂಡತಿಯ ಬೆರಳು ಮೇಲೆದ್ದಿತು.

ಅವನು ಬಾಯಿ ಮುಚ್ಚಿಕೊಂಡು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಅವಳು ಬೆರಳು ಇಳಿಸಿ ಮುಂದಿನ ಸಾಲಿಗೆ ಹೋದಳು. ನೋಟ್‌ಬುಕ್ಕಿನಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ.